ಕೌದಿಯ ಮೂಲೆಯ ಹೋಳಿಗೆ

ನಾಶಿಕ
೧೭ ನವೆಂಬರ್ ೨೦೨೫

ಚಿರಂಜೀವಿ ಲತಾಗೆ ನಿನ್ನವ್ವನ ಆಶೀರ್ವಾದ.

ಕಾಗದ ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ಹೇಳಲು ಹೋದರೆ ನೀನು "ಅವ್ವಾ, ಮೀಟಿಂಗ್ ಆಹೆ" ಎಂದು ಮರಾಠಿಯಲ್ಲಿ ಅನ್ನುತ್ತೀ; ಕಾಗದಕ್ಕೆ ಮೀಟಿಂಗ್ ಇರುವುದಿಲ್ಲ. ಕನ್ನಡ ಓದುವ ರೂಢಿ ತಪ್ಪಿದ್ದರೆ ಅಕ್ಷರ ಕೂಡಿಸಿಕೊಂಡು ಓದು, ನಿಮ್ಮಪ್ಪ ಕಲಿಸಿದ್ದು ಎಲ್ಲಿಗೂ ಹೋಗಿರುವುದಿಲ್ಲ. ಅವರು ತೀರಿದ ಮೇಲೆ ಮನೆಯಲ್ಲಿ ಮಾತಾಡಲು ನನಗೆ ಗೋಡೆಯೇ ಗತಿ.

ಮೊನ್ನೆ ಪಕ್ಕದ ಮನೆಯ ಸರೋಜಿನಿ ಗಂಗಾಪುರ ರಸ್ತೆಯ ಪ್ರದರ್ಶನಕ್ಕೆ ಎಳೆದುಕೊಂಡು ಹೋದಳು. ಒಂದು ಮಳಿಗೆಯ ಮುಂದೆ ಗಕ್ಕನೆ ನಿಂತು, "ಪ್ರೇಮಾಬಾಯಿ, ಇದು ನೀವು ಲತಾನ ಮದಿವ್ಯಾಗ ಕೊಟ್ಟ ಕೌದಿ ಹೌದಲ್ರಿ?" ಎಂದಳು. ಕೌದಿಯಲ್ಲ, ಕೌದಿಯ ಚಿತ್ರ ಅಚ್ಚು ಹಾಕಿದ ಚಾದರ. ಕತ್ತರಿಸಿ ಕೂಡಿಸಿದ್ದ ನನ್ನ ಹಸಿರು ಸೆರಗು, ನಿಮ್ಮಪ್ಪನ ಗೆರೆ ಅಂಗಿ, ನಿನ್ನ ಶಾಲೆಯ ಲಂಗ, ಎಲ್ಲ ಇದ್ದವು. ಮುಟ್ಟಿದರೆ ಒಂದು ಹೊಲಿಗೆಯೂ ಬೆರಳಿಗೆ ಸಿಗಲಿಲ್ಲ.

ಕೊನೆಯ ಮೂಲೆ ಮುಚ್ಚುವ ಮೊದಲು ಕೌದಿಯ ಹೊಟ್ಟೆ ತುಂಬಲೆಂದು ಒಳಗೆ ಹೋಳಿಗೆ ಚೂರು ಇಡುತ್ತೇವಲ್ಲ, ನಿನ್ನ ಕೌದಿಗೆ ನಾನು ತುಪ್ಪ ಜಾಸ್ತಿ ಸವರಿದ್ದರಿಂದ ಜಿಡ್ಡು ಮೇಲೆ ಮೂಡಿತ್ತು, ನೀನು ಮುಖ ಸಿಂಡರಿಸಿದ್ದೆ. ಆ ಜಿಡ್ಡನ್ನೂ ಬಿಡದೆ ಅಚ್ಚು ಹಾಕಿದ್ದಾರೆ! ಮಾರುವ ಹುಡುಗಿ, "ಆಜಿ, ತೋ ಚಂದ್ರ ಆಹೆ" ಎಂದಳು. ನನ್ನ ತುಪ್ಪದ ಕಲೆ ಅವಳಿಗೆ ಚಂದ್ರ! ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ಚೀಟಿಯಲ್ಲಿ 'ಡಿಸೈನ್: ಲತಾ, ಛತ್ರಪತಿ ಸಂಭಾಜಿನಗರ' ಎಂದಿತ್ತು. ಸರೋಜಿನಿ ಉರಿದುಬಿದ್ದಳು: "ಹೊಲಿದವ್ರು ನೀವು, ಹೆಸರು ಆಕೀದಾ? ಕೇಸ್ ಹಾಕ್ರಿ!"

"ಮಗಳದಂದ್ರ ನಂದೇ ಅಲ್ಲೇನ? ಸುಮ್ನಿರು" ಎಂದು ಅವಳ ಬಾಯಿ ಮುಚ್ಚಿಸಿದೆ. ಸುಳ್ಳೇಕೆ ಹೇಳಲಿ, ಸಂಕಟವಾಯಿತು. ಕಣ್ಣು ಸೋಲಿಸಿಕೊಂಡು ಹೊಲಿದವಳು ನಾನು; ಆ ಬಣ್ಣಗಳನ್ನು ಹಾಗೆ ಜೋಡಿಸಬೇಕೆಂದು ಹೊಳೆದದ್ದೂ ನನಗೇ. ನಿನ್ನ ಹೆಸರಿನ ಕೆಳಗೆ ಸಣ್ಣದಾಗಿ ನನ್ನದೂ ಇದ್ದಿದ್ದರೆ ಚಾದರ ಚಿಕ್ಕದಾಗುತ್ತಿತ್ತೇ?

ಚಳಿ ಶುರುವಾಗಿದೆ, ಮೊಮ್ಮಗ ದಿಗಂತನನ್ನು ಕಿವಿ ಮುಚ್ಚಿ ಶಾಲೆಗೆ ಕಳಿಸು. ಮಾಡುವ ಕೆಲಸ ನಿನ್ನ ಕೈ ಹಿಡಿಯಲಿ, ಮನೆ ತುಂಬಿರಲಿ.

ನಿನ್ನ ಅವ್ವ,
ಪ್ರೇಮಾಬಾಯಿ

ತಾ.ಕ.: ಚೀಟಿಯ ಹಿಂದೆ 'ದಿವಂಗತ ತಾಯಿಯ ನೆನಪಿಗೆ' ಎಂದೂ ಇತ್ತು. ಸರೋಜಿನಿಗೆ ತೋರಿಸಲಿಲ್ಲ. ಅವಳು ಮುಂದಿನ ಮಳಿಗೆಗೆ ಹೋದಾಗ, ಇದೇನು ಹೀಗೆ ಬರೆದಿದೆ ಎಂದು ಮಾರುವ ಹುಡುಗಿಯನ್ನು ಕೇಳಿದೆ. ಕೌದಿ ಹೊಲಿದ ತಾಯಿ ಬದುಕಿದ್ದರೆ ಅಚ್ಚು ಹಾಕಲು ಅವರ ಸಹಿ ಬೇಕಾಗುತ್ತಿತ್ತು, ತೀರಿಕೊಂಡಿದ್ದರಿಂದ ಮಗಳ ಸಹಿ ಸಾಕಾಯಿತು ಎಂದು ಆ ಹುಡುಗಿ ವಿವರಿಸಿದಳು. ನನ್ನನ್ನು ಒಂದು ಮಾತು ಕೇಳಿದ್ದರೆ ನೀನು ತೋರಿಸಿದ ಕಡೆ ಸಹಿ ಹಾಕುತ್ತಿದ್ದೆನಲ್ಲೇ, ಲತಾ. ನೀವು ಲತಾ ಅವರಿಗೆ ಏನಾಗಬೇಕು ಎಂದು ಅವಳು ಕೇಳಿದಳು. ಪರಿಚಯದವಳು ಎಂದೆ.