ಒಂಬತ್ತು ಉಳ್ಳಾಗಡ್ಡಿ

ಮೂಡಲಗಿ
8 ಫೆಬ್ರುವರಿ 1998, ರವಿವಾರ

ಪ್ರೀತಿಯ ತ್ರಿಶಲಾ,

ಇದನ್ನು ಒಡೆಯದೆ ಕಪಾಟಿನ ಮೇಲೆ ಇಡಬೇಡ. ಕವರಿನ ಮೇಲಿನ ಅಕ್ಷರ ನೋಡಿಯೇ ನಿನಗೆ ಗೊತ್ತಾಗಿರುತ್ತದೆ. ‘ಭಾಗ್ಯಾನ ಅಕ್ಷರ ಅಂದ್ರ ಬಸ್ಸ ಹಿಡ್ಯಾಕ ಓಡಿದಂಗ ಇರ್ತಾವ’ ಅನ್ನುತ್ತಿದ್ದವಳು ನೀನೇ. ಇವತ್ತು ಇನ್ನೂ ಜೋರಾಗಿ ಓಡುತ್ತಿವೆ. ಬೆಳಿಗ್ಗೆಯಿಂದ ಇದು ನಾಲ್ಕನೆಯ ಕಾಗದ. ಮೊದಲ ಮೂರರಲ್ಲಿ ಬರೀ ಬಿಸಿಲಿನ ಸುದ್ದಿ ಇತ್ತು, ಹರಿದೆ. ನಡುವೆ ಎರಡು ಸಲ ಬಸ್ ನಿಲ್ದಾಣದ ತನಕ ಹೋಗಿ ಬಂದೆ, ಯಾವ ಕೆಲಸವೂ ಇಲ್ಲದೆ.

ವಿಷಯ ಇಷ್ಟು. ದೀಪಾವಳಿಯಿಂದ ಈಚೆಗೆ ನಿನ್ನ ಹೆಸರಿನಲ್ಲಿ ನನಗೆ ಮೂರು ಕಾರ್ಡು ಬಂದಿವೆ. ಒಂದೊಂದರಲ್ಲಿ ಒಂದೊಂದು ಲೆಕ್ಕದ ಒಗಟು, ಕೆಳಗೆ ದುಂಡಗೆ ‘ನಿನ್ನ ತ್ರಿಶಲಾ’. ಅವು ನೀನು ಬರೆದವಲ್ಲ.

ಮೊದಲನೆಯದರಲ್ಲಿ ಒಂಬತ್ತು ಉಳ್ಳಾಗಡ್ಡಿ: ಎಂಟು ಸಮ, ಒಂದು ಮಾತ್ರ ಭಾರ, ಎರಡೇ ಸಲ ತೂಗಿ ಭಾರದ್ದನ್ನು ಹುಡುಕಬೇಕು. ಎರಡನೆಯದರಲ್ಲಿ ಬೀಗರು ರಾತ್ರಿ ಒಂಬತ್ತೂವರೆಗೆ ಬಂದು ಮೂವತ್ತು ರೊಟ್ಟಿ ಹಂಚಿಕೊಂಡು ಉಣ್ಣುತ್ತಾರೆ. ಮೂರನೆಯದರಲ್ಲಿ ಬಟಾಟಿ ಚೀಲ. ತ್ರಿಶಲಾ, ಗೋಕಾಕದ ಟ್ರೇನಿಂಗ್ ಹಾಸ್ಟೆಲಿನಲ್ಲಿ ಎರಡು ವರ್ಷ ನಿನ್ನ ಬಾಜೂಕಿನ ಮಂಚದಲ್ಲಿ ಮಲಗಿದವಳು ನಾನು. ನೀವು ಜೈನರು ಉಳ್ಳಾಗಡ್ಡಿ, ಬಟಾಟಿಯಂಥ ಗಡ್ಡೆ ತಿನ್ನುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಇದು ಊರಿಗೆಲ್ಲ ಗೊತ್ತು. ಆದರೆ ನೀನು ಲೆಕ್ಕದೊಳಗಿನವರಿಗೂ ತಿನ್ನಗೊಡುತ್ತಿರಲಿಲ್ಲ. ನಾನು ಬಟಾಟಿ ಇಟ್ಟು ಒಗಟು ಕಟ್ಟಿದರೆ, ‘ಬಟಾಟಿ ಯಾಕ ಬೇಕ? ಬಾಳಿಹಣ್ಣ ಮಾಡ. ಲೆಕ್ಕಕ್ಕೇನ ತ್ರಾಸ ಆಗೂದಿಲ್ಲ’ ಎಂದು ಅಳಿಸಿಬಿಡುತ್ತಿದ್ದೆ. ನಿನ್ನ ಬೀಗರೆಲ್ಲ ಸೂರ್ಯ ಇರುವಾಗಲೇ ಊಟ ಮುಗಿಸಿ ಕೈ ತೊಳೆಯುವವರು.

ಮೂರನೆಯ ಕಾರ್ಡಿನ ಬಟಾಟಿ ನೋಡಿ, ಕಾರ್ಡು ತಿರುಗಿಸಿ ಅಂಚೆಯ ಠಸ್ಸೆ ಓದಿದೆ. ನಿನ್ನ ಹುಕ್ಕೇರಿಯದಲ್ಲ, ಹಿಡಕಲ್ಲಿನದು. ಅಲ್ಲಿ ನಮಗೆ ಇರುವವಳು ಒಬ್ಬಳೇ, ಹಾಸ್ಟೆಲಿನ ನಮ್ಮ ಮೂರನೆಯವಳು. ಶುಕ್ರವಾರ ಬಸ್ಸು ಹತ್ತಿದೆ.

ಶೆಟ್ಟೆವ್ವ ಡ್ಯಾಮಿನ ಕಾಲೋನಿಯ ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ ಏಳಲೂ ಇಲ್ಲ. ‘ಮೂರ ಕಾರ್ಡ ಬೇಕಾದ್ವೇನವಾ ನಿನಗ? ಸಾಲಿ ಸಾಲಿ ತಿರಗಿ ಲೆಕ್ಕ ಕಲಸಾಕಿ!’ ಅಂದಳು. ಉಳ್ಳಾಗಡ್ಡಿಯನ್ನು ಬೇಕೆಂದೇ ಹಾಕಿದ್ದಳಂತೆ, ನಾನು ಯಾವಾಗ ಬಿಡಿಸುತ್ತೇನೆ ನೋಡೋಣ ಎಂದು. ನಮ್ಮಿಬ್ಬರ ನಡುವೆ ಸುಮ್ಮನೆ ನಗುತ್ತ ಕೂಡುವವಳು ಅಂದುಕೊಂಡಿದ್ದೆವಲ್ಲ! ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. ಅಕ್ಕಿಯ ಮೊರದಿಂದ ಮುಖ ಎತ್ತದೆ, ‘ಆಕಿ ಬರಿಯೂದಿಲ್ಲ, ನೀ ಕೇಳೂದಿಲ್ಲ. ನಡುವ ನಾ ಏನ ಮಾಡ್ಲಿ?’ ಅಂದಳು. ಆಮೇಲೆ ಚಹಾ ಕೊಟ್ಟು, ‘ಪುಸ್ತಕದ್ದು ಖರೆ ಹೇಳೀಯೇನ ಆಕೀಗೆ?’ ಅಂದಳು.

ಖರೆ ಹೇಳುತ್ತೇನೆ. ನಮ್ಮ ಒಗಟಿನ ಪುಸ್ತಕ ಅಚ್ಚು ಹಾಕಿಸುವಾಗ ಅವಸರದಲ್ಲಿ ನಿಮ್ಮಿಬ್ಬರ ಹೆಸರು ಬಿಟ್ಟುಹೋಯಿತು, ಪ್ರೆಸ್ಸಿನವನ ತಪ್ಪು ಎಂದು ನಿನಗೆ ಬರೆದಿದ್ದೆ. ಆ ಮನುಷ್ಯನದು ಏನೂ ತಪ್ಪಿಲ್ಲ. ‘ಮತ್ಯಾರದರ ಹೆಸರು ಹಾಕೂದೈತೇನ್ರಿ ಬಾಯಾರ?’ ಎಂದು ಎರಡು ಸಲ ಕೇಳಿದ. ನಾನು ಎರಡು ಸಲವೂ ಇಲ್ಲ ಅಂದೆ. ಮೂವತ್ತೆರಡು ಒಗಟುಗಳಲ್ಲಿ ಇಪ್ಪತ್ತೇಳು ನಿನ್ನವು, ನಾಲ್ಕು ಶೆಟ್ಟೆವ್ವನವು, ಒಂದು ನನ್ನದು. ನನ್ನದನ್ನು ಇವತ್ತಿನವರೆಗೆ ಯಾರೂ ಮೆಚ್ಚಿಲ್ಲ.

ಕಾರಣವೂ ಇತ್ತು, ಕೇಳು. ನೀನು ಪಾಸಾಗಿ ಹುಕ್ಕೇರಿಯಲ್ಲಿ ಮಾಸ್ತರಿಕೆ ಹಿಡಿದೆ. ನಾನು ನಪಾಸಾದವಳು, ನನ್ನ ಕೈಯಲ್ಲಿ ಇದ್ದದ್ದು ಒಂದು ಹೊಲಿಗೆಯಂತ್ರ ಮತ್ತು ಬಾಯಿ. ಯಂತ್ರ ಕೆಟ್ಟಿತು, ಬಾಯಿ ನಡೆಯಿತು. ಒಗಟು ಹೇಳುತ್ತ ಸಾಲಿಯಿಂದ ಸಾಲಿಗೆ ಹೊರಟವಳಿಗೆ, ಕೈಯಲ್ಲಿ ನನ್ನದೇ ಹೆಸರಿನ ಪುಸ್ತಕ ಇದ್ದರೆ ಹೆಡ್‌ಮಾಸ್ತರು ಕುರ್ಚಿ ಹಾಕಿಸುತ್ತಾರೆ ಅನ್ನಿಸಿತು. ಹಾಕಿಸಿದರು. ಕುರ್ಚಿಯಲ್ಲಿ ಕುಳಿತಾಗಲೆಲ್ಲ ಯಾರೋ ಹಿಂದಿನಿಂದ ಎಳೆಯುತ್ತಾರೆ ಎಂದು ತಿರುಗಿ ನೋಡುತ್ತಿದ್ದೆ.

ಕಡೆಗೆ ಎಳೆದದ್ದು ನಿನ್ನ ಸಾಲಿಯಲ್ಲೇ. ಜನವರಿಯಲ್ಲಿ ನಾನು ಬರುತ್ತೇನೆಂದು ಗೊತ್ತಾಗಿ ನೀನು ರಜೆ ಹಾಕಿದ್ದೆ. ನಿನ್ನ ಮಕ್ಕಳಿಗೆ ನಾನು ಪುಸ್ತಕದ ಮೂರು ಡಬ್ಬಿಗಳ ಒಗಟು ಹೇಳಿದೆ. ಒಂದರಲ್ಲಿ ಬೆಲ್ಲ, ಒಂದರಲ್ಲಿ ಉಪ್ಪು, ಒಂದರಲ್ಲಿ ಎರಡೂ. ಮೇಲೆ ಮೂರು ಚೀಟಿ. ಒಂದೇ ಡಬ್ಬಿಗೆ ಕೈ ಹಾಕಿ, ಒಂದೇ ಚೂರು ತೆಗೆದು, ಯಾವುದರಲ್ಲಿ ಏನಿದೆ ಹೇಳಬೇಕು. ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು, ‘ಇದ ಬಿಡಿಸಾಕ ಬರೂದಿಲ್ರಿ. ನಮ್ಮ ಅಕ್ಕೋರು ಹೇಳೂಮುಂದ ಇನ್ನೊಂದು ಮಾತ ಹೇಳ್ತಾರ್ರಿ, ಮೂರೂ ಚೀಟಿ ತಪ್ಪ ಹಚ್ಯಾರ ಅಂತ’ ಅಂದಳು.

ಆ ಸಾಲನ್ನು ಪುಟದಲ್ಲಿ ಜಾಗ ಸಾಲದೆ ಹೊಡೆದುಹಾಕಿದವಳು ನಾನೇ. ಉತ್ತರ ಬಾಯಿಪಾಠ ಇತ್ತು. ಆ ಸಾಲು ಯಾಕೆ ಬೇಕು ಎಂದು ಗೊತ್ತಿರಲಿಲ್ಲ. ಅಲ್ಲಿ, ಅಷ್ಟು ಮಕ್ಕಳ ಎದುರಿಗೆ ನಿಂತಾಗ ಗೊತ್ತಾಯಿತು. ‘ಎರಡೂ’ ಎಂದು ಬರೆದ ಡಬ್ಬಿಯಿಂದ ಬೆಲ್ಲ ಬಂದರೆ ಅದು ಬರೀ ಬೆಲ್ಲದ್ದೇ, ಯಾಕೆಂದರೆ ಅದರ ಚೀಟಿ ಸುಳ್ಳು. ಆಗ ‘ಉಪ್ಪು’ ಎಂದಿರುವುದು ಉಪ್ಪಾಗಲಾರದು, ಅದರಲ್ಲಿ ಎರಡೂ ಇವೆ, ಉಳಿದದ್ದು ಉಪ್ಪು. ಚೀಟಿ ತಪ್ಪು ಎಂದು ಮೊದಲೇ ಹೇಳಿಬಿಟ್ಟರೆ ಮುಂದಿನದು ತಾನಾಗಿ ಬಿಡಿಸಿಕೊಳ್ಳುತ್ತದೆ. ನಾನು ಏನೋ ಚೇಷ್ಟೆ ಮಾಡಿ ಮಕ್ಕಳನ್ನು ನಗಿಸಿದೆ. ಆ ಹುಡುಗಿ ನಗಲಿಲ್ಲ.

ನಿನ್ನೆ ಗೋಕಾಕಕ್ಕೆ ಹೋಗಿ ಎರಡನೆಯ ಮುದ್ರಣ ನಿಲ್ಲಿಸಿ ಬಂದಿದ್ದೇನೆ. ಹೊಸ ಮುಖಪುಟದಲ್ಲಿ ನಿನ್ನ ಹೆಸರು, ಅದರ ಕೆಳಗೆ ಶೆಟ್ಟೆವ್ವನದು. ನನ್ನದು ಒಳಪುಟದಲ್ಲಿ, ಒಂದು ಒಗಟಿನ ಅಡಿಗೆ. ನೀನು ಬೇಡ ಎಂದರೆ ಅಚ್ಚು ಬಿಚ್ಚಿಸುತ್ತೇನೆ, ಪುಸ್ತಕವೇ ಇರುವುದಿಲ್ಲ. ಆದರೆ ಬೇಡ ಅನ್ನುವುದನ್ನಾದರೂ ನಿನ್ನ ಕೈಯಿಂದಲೇ ಬರೆ. ಪುಸ್ತಕ ಹೋದರೆ ತಡೆದುಕೊಂಡೇನು. ನೀನು ಬರೆಯದೆ ಇರುವುದನ್ನು ಇನ್ನು ತಡೆದುಕೊಳ್ಳಲು ಆಗುತ್ತಿಲ್ಲ.

ಅಂಚೆಯವನ ಸೈಕಲ್ಲಿನ ಗಂಟೆಗೆ ಕಿವಿ ಕೊಟ್ಟು ಕುಳಿತಿರುವ
ಭಾಗ್ಯಾ

ತಾ.ಕ.: ಮೇಲೆ ಒಂದು ಸುಳ್ಳು ಉಳಿದಿದೆ. ಮೂರನೆಯ ಕಾರ್ಡಿನಿಂದಲ್ಲ, ಮೊದಲ ದಿನ ಉಳ್ಳಾಗಡ್ಡಿ ಅನ್ನುವ ಶಬ್ದ ಓದಿದ ಕೂಡಲೇ ನನಗೆ ಗೊತ್ತಾಗಿತ್ತು. ಆದರೂ ಆ ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಂಡು, ‘ನಮ್ಮ ತ್ರಿಶಲಾ ಇನ್ನೂ ಬರೀತಾಳ’ ಎಂದು ಎಲ್ಲರಿಗೂ ತೋರಿಸುತ್ತ ತಿರುಗಿದೆ.

ಇನ್ನೊಂದು. ಪುಸ್ತಕ ಮುಟ್ಟಿದ ಮೇಲೆ ನೀನು ಬರೆದ ಕಡೆಯ ಕಾರ್ಡು, ಅದು ಮಾತ್ರ ಖರೆ ನಿನ್ನದು: ‘ಮೂವರು ಕೂಡಿ ಮೂವತ್ತೆರಡು ಒಗಟು ಕಟ್ಟಿದರು. ಪುಸ್ತಕದಲ್ಲಿ ಒಬ್ಬಳೇ ಇದ್ದಾಳೆ. ಉಳಿದ ಇಬ್ಬರು ಏನಾದರು?’ ಹಾಸ್ಟೆಲಿನ ನಮ್ಮ ನಿಯಮ ನಿನಗೆ ನೆನಪಿದೆ: ಬಿಡಿಸಲಾಗದವರು ಸೋತೆನೆಂದು ಒಂದು ಊರು ಕೊಡಬೇಕು, ಊರು ಬಂತೆಂದರೆ, ಎಷ್ಟೇ ಸಿಟ್ಟಿದ್ದರೂ, ಒಗಟು ಹಾಕಿದವಳು ಉತ್ತರ ಹೇಳಲೇಬೇಕು. ನೀನು ನನಗೆ ಸಂಕೇಶ್ವರ ಕೊಟ್ಟಿದ್ದೆ, ಶೆಟ್ಟೆವ್ವ ಹಿಡಕಲ್ ಕೊಟ್ಟಿದ್ದಳು. ನಾನು ಮಾತಿನಲ್ಲಿ ಜಾರಿಕೊಂಡು ಒಂದೂರನ್ನೂ ಯಾರಿಗೂ ಕೊಡಲಿಲ್ಲ.

ಮೂಡಲಗಿ ಕೊಟ್ಟೆ. ಇನ್ನ ಹೇಳ.