ಗುಡ್ಡದ ಮೇಲಿನ ಕಾವಲು

ಸೆಪ್ಟೆಂಬರ್ 3, ಮಂಗಳವಾರ

ಸೈನ್ಯದ ಪ್ರಚಾರಯುದ್ಧ ಶಾಲೆಯಲ್ಲಿ ಮತ್ತದೇ ಪಾಠ, ಮತ್ತದೇ ಗಾಳಿಪಟ. ನಮ್ಮ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಗಾಳಿಪಟಕ್ಕೆ ಕ್ಷಮಾದಾನದ ಕಾಗದ ಕಟ್ಟಿ ಎದುರಾಳಿ ಸೈನ್ಯದ ಮೇಲೆ ಉದುರಿಸಿದರು. ಆಮೇಲೆ ಬಲೂನು, ವಿಮಾನ, ರೇಡಿಯೊ, ಲೌಡ್‌ಸ್ಪೀಕರ್... ಫೋನಿಗೆ ಬರುವಷ್ಟರಲ್ಲಿ ಹೊಸ ಸೈನಿಕರಿಗೆ ಆಕಳಿಕೆ.

ಕೊನೆಗೆ ಒಬ್ಬಳು ಕೇಳಿದಳು. "ಮಿಸ್ ವರ್ಲೀನ್, ಮರುಭೂಮಿ ಯುದ್ಧದಲ್ಲಿ ನಿಮ್ಮ ಮಾತು ಕೇಳಿ ಒಂದು ಇಡೀ ತುಕಡಿ ಶರಣಾಯ್ತಂತೆ. ಏನು ಹೇಳಿದ್ರಿ?"

"ಮೈಕ್ ಹಿಡಿದೋನು ದುಭಾಷಿ. ಬರೆದುಕೊಟ್ಟೋಳು ನಾನು. ಶರಣಾಗಿ ಅನ್ನೋ ಮಾತೇ ಬರೀಲಿಲ್ಲ. ಓಡಿ ಬಾ ಅಂದ್ರೆ ಯಾವ ಗಂಡಸೂ ಬರಲ್ಲ. ನಿಮ್ಮ ಇಲ್ಲಿನ ಕರ್ತವ್ಯ ಮುಗೀತು, ಮನೇಲಿ ನಿಮ್ಮ ಕೆಲಸ ಕಾಯ್ತಿದೆ ಅಂತ ಬರೆದೆ. ಊಟ ಕೊಡ್ತೀವಿ ಅಂದಿದ್ವಿ, ಕೊಟ್ವಿ. ಈ ಕಸುಬಲ್ಲಿ ಒಂದು ಸಲ ಸುಳ್ಳು ಹೇಳಿದ್ರೆ ಮುಂದಿನ ಸಲ ನಿಜಾನೂ ಓಡಲ್ಲ."

ಎಲ್ಲರೂ ಬರೆದುಕೊಂಡರು. ನನಗೂ ಸ್ವಲ್ಪ ಜಂಬ ಬಂತು.

ಸೆಪ್ಟೆಂಬರ್ 8, ಭಾನುವಾರ

ಚರ್ಚ್ ಮುಗಿಸಿ ತಮ್ಮನ ಮನೆಗೆ. ಹುರಿದ ಕೋಳಿ, ಕಾಲರ್ಡ್ ಸೊಪ್ಪು, ಐಸ್ ಟೀ. ಹೆಂಡತಿ ಸತ್ತ ಮೇಲೆ ರಾಯ್ಸ್ ಅಡುಗೆ ಕಲಿತಿದ್ದಾನೆ. ಸೊಪ್ಪಿಗೆ ಉಪ್ಪು ಜಾಸ್ತಿ, ಹೇಳಲಿಲ್ಲ.

ಊಟದ ಉದ್ದಕ್ಕೂ ಫೋನು ಗುಂಯ್‌ಗುಡುತ್ತಿತ್ತು. 'ನದಿ ಕಾವಲು' ಅಂತ ಒಂದು ಗ್ರೂಪ್. ಅದಕ್ಕೊಬ್ಬ ಕ್ಯಾಪ್ಟನ್. ಯಾರೂ ಮುಖ ನೋಡಿಲ್ಲ. ನೆರೆ ಬಂದರೆ ಸರ್ಕಾರ ನಮ್ಮಿಂದ ಮನೆ ಬಿಡಿಸಿ, ವಾಪಸ್ ಬರಲು ಬಿಡದೆ, ಹೊಳೆದಂಡೆಯ ಜಾಗವನ್ನು ಕಂಪನಿಗೆ ಮಾರುತ್ತದಂತೆ. ಸಾಕ್ಷಿಗೆ ಒಂದು ಫೋಟೊ: 'ನಮ್ಮ ಸೇತುವೆ ಮೇಲೆ ಕಂಪನಿಯ ಲಾರಿಗಳು.'

"ರಾಯ್ಸ್, ಲಾರಿಗಳು ರಸ್ತೆಯ ಎಡಗಡೆ ಹೋಗ್ತಿವೆ ಕಣೋ. ನಾವು ಓಡಿಸೋದು ಬಲಗಡೆ. ಇದು ನಮ್ಮ ದೇಶಾನೇ ಅಲ್ಲ."

"ಫೋಟೊ ತಿರುಗಿರುತ್ತೆ. ಅಕ್ಕ, ನೀನು ಜೀವನವೆಲ್ಲ ಸರ್ಕಾರದ ಸಂಬಳ ತಿಂದೋಳು. ನಿಂಗೆ ಹಾಗೇ ಕಾಣ್ಸೋದು."

"ಅದೇ ಸಂಬಳಕ್ಕೆ ಇಂಥ ಕೆಲಸಾನೇ ಮಾಡ್ತಿದ್ದೆ. ಅದಕ್ಕೇ ಗುರುತು ಸಿಕ್ತು."

"ಆಯ್ತು ಸಾರ್ಜೆಂಟಮ್ಮ, ಕೋಳಿ ತಿನ್ನು."

ಹಿತ್ತಲ ಗಿಡ ಮದ್ದಲ್ಲ. ಅವನು ಕೈ ತೊಳೆಯಲು ಹೋದಾಗ ಗ್ರೂಪ್ ನೋಡಿದೆ. ಕ್ಯಾಪ್ಟನ್ ದಿನಾ ಬೆಳಿಗ್ಗೆ ಇವನಿಗೆ ಬೇರೆಯಾಗಿ ಬರೆಯುತ್ತಾನೆ: 'ಕಾಫಿ ಆಯ್ತಾ ಗೆಳೆಯ? ರಾತ್ರಿ ನಿದ್ದೆ ಬಂತಾ?' ಇವನು ಉದ್ದುದ್ದ ಉತ್ತರ ಕೊಟ್ಟಿದ್ದಾನೆ. ಹೆಂಡತಿಯ ಮಗ್ಗುಲಿನ ದಿಂಬು ಇನ್ನೂ ತೆಗೆದಿಲ್ಲ ಅಂತೆಲ್ಲ.

ನನಗದು ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ. ಕಂಡರಿಯದ ಸೈನಿಕರ ಸಂಕಟ ಅಳೆದು ಕಾಗದ ಬರೆದವಳು, ತಮ್ಮನಿಗೆ ವಾರಕ್ಕೊಂದು ಫೋನ್ ಮಾಡಲಿಲ್ಲ. ನಾಚಿಕೆಯಾಗುತ್ತದೆ.

ಸೆಪ್ಟೆಂಬರ್ 13, ಶುಕ್ರವಾರ

ಚಂಡಮಾರುತ ನೇರ ನಮ್ಮ ಕಡೆಗೇ. ಹೊಳೆದಂಡೆಯವರೆಲ್ಲ ಮನೆ ಬಿಡಬೇಕೆಂದು ಆದೇಶ. ರಾಯ್ಸ್ ಬಿಡುವುದಿಲ್ಲ. 'ಒಬ್ಬರೂ ಕದಲಬೇಡಿ' ಅಂತ ಕ್ಯಾಪ್ಟನ್ ಬರೆದಿದ್ದಾನೆ.

ಬೇಡಿಕೊಂಡೆ. ಬೈದೆ. ಅಮ್ಮನ ಮೇಲೆ ಆಣೆ ಹಾಕಿದೆ. ನಕ್ಕ. "ನಿನ್ನ ಆ ಚೀಟಿ ಒಂದು ವಿಮಾನದಿಂದ ಉದುರಿಸು ಅಕ್ಕ, ಆಗ ನೋಡೋಣ."

ಸೆಪ್ಟೆಂಬರ್ 14, ಶನಿವಾರ, ಮಧ್ಯಾಹ್ನ

ಮಳೆ ಅಡ್ಡಡ್ಡ ಬೀಳುತ್ತಿದೆ. ನೀರು ಅವನ ಅಂಗಳಕ್ಕೆ ಬಂದಿದೆಯಂತೆ. ದೋಣಿಯವರು ಬಂದರೆ ಬಂದೂಕು ತೋರಿಸುತ್ತಾನಂತೆ.

ಮಾಡಿಬಿಟ್ಟೆ. ಕ್ಯಾಪ್ಟನ್ನನದೇ ಹೆಸರು, ಅವನ ಖಾತೆಯ ಚಿತ್ರವನ್ನೇ ಹಾಕಿ ಒಂದು ಹೊಸ ಖಾತೆ. ರಾಯ್ಸ್ ಒಬ್ಬನಿಗೇ ಬರೆದೆ: 'ಗೆಳೆಯ, ಇದು ಬೇರೆ ನಂಬರ್. ಎಬೆನೀಜರ್ ಚರ್ಚಿನ ಗುಡ್ಡದ ಮೇಲೆ ಕಾವಲು ಬೇಕು. ನಂಬಿಕಸ್ಥರನ್ನೇ ಕರೆಯುತ್ತಿದ್ದೇನೆ. ಈಗಲೇ ಹೊರಡು. ಮಿಲ್ ರಸ್ತೆ ಹಿಡಿದು ಬಾ.'

ಎಲ್ಲೂ 'ತಪ್ಪಿಸಿಕೋ' ಅಂತಿಲ್ಲ. ಒಂದೇ ಉಸಿರಿಗೆ ಬರೆದೆ, ಒಂದು ಪದ ತಿದ್ದಲಿಲ್ಲ. ಇಷ್ಟು ಸಲೀಸಾಗಿ ಬಂತಲ್ಲ ಅಂತ ಭಯವಾಯಿತು.

ತಕ್ಷಣ ಉತ್ತರ: 'ಹೊರಟೆ ಕ್ಯಾಪ್ಟನ್.'

ಅದೇ ದಿನ, ಸಂಜೆ

ಗುಡ್ಡ ತಲುಪಿದ್ದಾನೆ. ಚರ್ಚಿನಿಂದಲೇ ಫೋನ್ ಮಾಡಿದ. ದನಿಯಲ್ಲಿ ಎಷ್ಟು ಉಮೇದು. ನಾನು ಸಿಂಕಿಗೆ ಒರಗಿ ಅತ್ತೆ.

ಆಮೇಲೆ ಅಂದ, "ಆಲ್ಟನ್‌ಗೂ ಹೇಳಿದೀನಿ. ಒಬ್ಬನೇ ಕಾವಲು ಕಾಯೋಕಾಗುತ್ತಾ? ಈಗ ಹೊರಟಿದಾನೆ."

ಆಲ್ಟನ್ ಇವನ ಗೆಳೆಯ, ಅದೇ ಗ್ರೂಪಿನವನು. ಅವನ ಮನೆ ಎತ್ತರದಲ್ಲಿದೆ. ಯಾವ ನೆರೆಯೂ ಆ ಮೆಟ್ಟಿಲು ಮುಟ್ಟಿದ್ದಿಲ್ಲ. ಗುಡ್ಡಕ್ಕೆ ಬರಬೇಕಾದರೆ ಮಿಲ್ ರಸ್ತೆಯ ತಗ್ಗು ದಾಟಬೇಕು.

"ಬರಬೇಡ ಅನ್ನೋ, ರಾಯ್ಸ್. ರಸ್ತೆ ಮುಳುಗುತ್ತೆ."

"ಕ್ಯಾಪ್ಟನ್ ಕರೆದಿದಾನೆ. ನೀನ್ಯಾರು ಬೇಡ ಅನ್ನೋಕೆ?"

ಆಗಲೇ ಹೇಳಬೇಕಿತ್ತು, ಕರೆದವಳು ನಾನೇ ಅಂತ. ನಾಲಿಗೆ ತುದಿಗೆ ಬಂದಿತ್ತು. ಹೇಳಿದರೆ ಇವನು ಸಿಟ್ಟಿಗೆ ಟ್ರಕ್ ತಿರುಗಿಸಿ ಹೊಳೆಗೇ ವಾಪಸ್ ಹೋಗುತ್ತಾನೆ. ಆಲ್ಟನ್‌ಗೆ ನಾನೇ ಫೋನ್ ಮಾಡುತ್ತಿದ್ದೇನೆ. ಹೋಗುತ್ತಿಲ್ಲ. ಮತ್ತೆ ಮಾಡಿದೆ... ಸಿಗ್ನಲ್ ಇಲ್ಲ.

ಸೆಪ್ಟೆಂಬರ್ 16, ಸೋಮವಾರ

ಆಲ್ಟನ್‌ನ ಟ್ರಕ್ ಮಿಲ್ ರಸ್ತೆಯ ತಗ್ಗಿನಲ್ಲಿ ಸಿಕ್ಕಿತು. ಅವನು ಒಳಗೇ ಇದ್ದ.

ಸೆಪ್ಟೆಂಬರ್ 24, ಮಂಗಳವಾರ

ಮಣ್ಣು ಮುಗಿಸಿ ಬಂದೆವು. ಪೌಂಡ್ ಕೇಕ್ ಮಾಡಿಕೊಂಡು ಹೋಗಿದ್ದೆ. ಸಾವಿನ ಮನೆಗೆ ಬೇರೇನು ಒಯ್ಯುವುದು?

ಆಲ್ಟನ್‌ನ ಹೆಂಡತಿ ನೆಟ್ಟಿ ನನ್ನ ಕೈ ಬಿಡಲೇ ಇಲ್ಲ. "ರಿಟೈರ್ ಆದ ಮೇಲೆ ಅವರನ್ನ ಯಾರೂ ಯಾವುದಕ್ಕೂ ಕರೆದಿರ್ಲಿಲ್ಲ ಮಿಸ್ ವರ್ಲೀನ್. ಆವತ್ತು ಕಾವಲಿಗೆ ಕರೆದಿದಾರೆ ಅಂತ ಶೇವ್ ಮಾಡ್ಕೊಂಡು ಹೊರಟ್ರು. ಅಷ್ಟು ಖುಷೀಲಿ ನೋಡಿ ಎಷ್ಟೋ ವರ್ಷ ಆಗಿತ್ತು."

ಅವಳು ನನಗೇ ಸಮಾಧಾನ ಹೇಳಿದಳು.

ರಾಯ್ಸ್ ಈಗ ನನ್ನ ಮನೆಯಲ್ಲಿದ್ದಾನೆ. ಅವನ ಮನೆಯ ಗೋಡೆಗಳಷ್ಟೇ ಉಳಿದಿವೆ. ಬದುಕಿಸಿದ್ದಕ್ಕೆ ಗ್ರೂಪಿನಲ್ಲಿ ಕ್ಯಾಪ್ಟನ್‌ಗೆ ವಂದನೆ ಹೇಳಿದ. ತಾನು ಬರೆಯದ ಮಾತಿನ ಪುಣ್ಯವನ್ನು ಕ್ಯಾಪ್ಟನ್ ಒಂದು ಕ್ಷಣವೂ ತಡವರಿಸದೆ ಜೇಬಿಗಿಳಿಸಿದ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಆಮೇಲೆ ಆಲ್ಟನ್‌ನ ಫೋಟೊ ಹಾಕಿ ಬರೆದ: 'ಬೇಕಂತಲೇ ಅಣೆಕಟ್ಟಿನ ಬಾಗಿಲು ತೆರೆದು ನಮ್ಮ ಕಾವಲುಗಾರನನ್ನು ಕೊಂದರು.'

ಕಾಗದವನ್ನು ಗಾಳಿ ಎಲ್ಲಿಗೆ ಒಯ್ಯುತ್ತದೆಂದು ಮೊದಲು ಲೆಕ್ಕ ಹಾಕಿ ಅಂತ ತರಗತಿಯಲ್ಲಿ ಹೇಳುವವಳು ನಾನು. ಬೇರೆಯವರಿಗೆ ಹೇಳುವುದಕ್ಕಷ್ಟೇ ಆಯಿತು ಈ ಬುದ್ಧಿ. ರಜೆ ಹಾಕಿದ್ದೇನೆ.

ಸೆಪ್ಟೆಂಬರ್ 28, ಶನಿವಾರ, ಬೆಳಿಗ್ಗೆ

ಇವತ್ತು ಅಣೆಕಟ್ಟಿನ ಆಫೀಸಿನ ಮುಂದೆ ಸೇರಬೇಕಂತೆ. 'ಇರುವುದನ್ನು ತನ್ನಿ' ಅಂದಿದ್ದಾನೆ ಕ್ಯಾಪ್ಟನ್. ರಾಯ್ಸ್‌ನ ಬಂದೂಕು ಅಡುಗೆಮನೆಯ ಮೇಜಿನ ಮೇಲಿದೆ. ಅದರ ಪಕ್ಕದಲ್ಲೇ ಅವನಿಗೆ ಮೊಟ್ಟೆ ಬಡಿಸಿದೆ.

"ಹೋಗಬೇಡ ಕಣೋ. ಅಲ್ಲಿರೋರೂ ಗುಮಾಸ್ತರು, ಮಕ್ಕಳೊಂದಿಗರು."

"ಅಕ್ಕ, ಕ್ಯಾಪ್ಟನ್ ನನ್ನ ಜೀವ ಉಳಿಸಿದ. ನನ್ನ ಕರೆ ಕೇಳಿ ಆಲ್ಟನ್ ಸತ್ತ. ನಾನು ಹೋಗದೇ ಇದ್ರೆ ಗಂಡಸಾ?"

ಸ್ನಾನಕ್ಕೆ ಹೋಗಿದ್ದಾನೆ. ನೀರಿನ ಸದ್ದು ಕೇಳುತ್ತಿದೆ.

ಆ ಖಾತೆ ಇನ್ನೂ ನನ್ನ ಫೋನಿನಲ್ಲಿದೆ. 'ಇವತ್ತಿನದು ರದ್ದು, ಮನೆಯಲ್ಲೇ ಇರು ಗೆಳೆಯ' ಅಂತ ಟೈಪ್ ಮಾಡಿದೆ. ಓದಿದೆ. ಚೆನ್ನಾಗಿತ್ತು, ಖಂಡಿತ ನಂಬುತ್ತಾನೆ. ನಾಳೆಯೂ ಬರೆಯಬೇಕಾಗುತ್ತದೆ, ನಾಡಿದ್ದೂ. ಆಮೇಲೆ ಅವನಿಗೆ ಅಕ್ಕ ಅನ್ನುವವಳು ಇರುವುದಿಲ್ಲ, ಇಬ್ಬರು ಕ್ಯಾಪ್ಟನ್ನರಿರುತ್ತಾರೆ. ಅಳಿಸಿದೆ.

ಬಾಯಲ್ಲೇ ಹೇಳಬೇಕು. ಹೇಳಿದರೆ ನನ್ನ ಮುಖ ನೋಡುವುದಿಲ್ಲ. ನೆಟ್ಟಿಗೂ ಹೇಳಬೇಕಾಗುತ್ತದೆ. ಹಾಗೇ ಆಗಲಿ. ಬರೆದುಕೊಳ್ಳದೆ ಮಾತಾಡಿ ನನಗೆ ರೂಢಿಯಿಲ್ಲ, ಅದಕ್ಕೇ ಇಲ್ಲಿ ಬರೆದು ನೋಡುತ್ತಿದ್ದೇನೆ. ರಾಯ್ಸ್, ಕೂತ್ಕೋ, ಒಂದು ಮಾತಿದೆ... ಬೇಡ, ಇದು ಪೀಠಿಕೆ. ರಾಯ್ಸ್, ನಿನ್ನನ್ನ ಉಳಿಸೋಕೆ ಅಂತ... ಇದೂ ಬೇಡ. ಇದು ಕ್ಷಮೆ ಗಿಟ್ಟಿಸುವ ಮಾತು.

ನೀರು ನಿಂತಿತು.

ರಾಯ್ಸ್, ಆಲ್ಟನ್‌ನನ್ನ ಗುಡ್ಡಕ್ಕೆ ಕರೆದಿದ್ದು ಕ್ಯಾಪ್ಟನ್ ಅಲ್ಲ, ನೀನೂ ಅಲ್ಲ, ಅದು