ಗಡಿಬಿಡಿಗೆ ಮನೆ ನೋಡಿದ್ದು

ನಮ್ಮ ಪ್ರಾಣಿಗಳ ಶೆಡ್ಡಿನ ಆಫೀಸು ಕೋಣೆ,
ಆಗಸ್ಟ್ ೧೮, ಸೋಮವಾರ ಮಧ್ಯಾಹ್ನ

ಪ್ರೀತಿಯ ಅತ್ತೆ,

ಮಂಡಿ ಹೇಗಿದೆ? ಫೋನಿನಲ್ಲಿ ನೀವು "ಚೆನ್ನಾಗಿದ್ದೀನಿ, ನಾಯಿಗಳಿಗೆ ನೀರಿಟ್ರಾ, ಇಡ್ತೀನಿ" ಎಂದು ಒಂದೇ ಉಸಿರಿಗೆ ಕೂಗಿ, ನಾನು ಬಾಯಿ ತೆರೆಯುವಷ್ಟರಲ್ಲಿ ಇಟ್ಟುಬಿಡುತ್ತೀರಿ. ಅದಕ್ಕೇ ಕಾಗದ ಹಿಡಿದು ಕೂತೆ. ಇದನ್ನಾದರೂ ಮಧ್ಯದಲ್ಲಿ ಇಟ್ಟುಬಿಡಲಾರಿರಿ ಎಂಬ ಧೈರ್ಯ. ಆಪರೇಶನ್ ಮಾಡಿದ ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ನಿಜವಾಗಿ ಮಾಡುತ್ತಿದ್ದೀರಾ, ಇಲ್ಲ ಓರಗಿತ್ತಿ ಕೋಣೆಗೆ ಬಂದಾಗ ಮಾತ್ರ ಕಾಲೆತ್ತಿ ತೋರಿಸುತ್ತೀರಾ? ಅವಳು ಪಾಪದವಳು, ನಂಬುತ್ತಾಳೆ. ನಾನಾಗಿದ್ದರೆ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ. ಗೋಡೆ ಹಿಡಿಯದೆ ಬಚ್ಚಲಿಗೆ ಹೋಗುವಂತಾಯಿತೇ ಅಂತ ಖಂಡಿತ ಬರೆಯಿರಿ.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಮಗ ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ನಾಯಿಗಳನ್ನು ಒಂದು ಸುತ್ತು ಓಡಿಸಿ ಬರುತ್ತಾರೆ. ಯಾರು ಯಾರನ್ನು ಓಡಿಸುತ್ತಾರೆ ಎಂಬುದು ಬೇರೆ ಮಾತು, ಹೊಟ್ಟೆಯಂತೂ ಕರಗುತ್ತಿದೆ. ನಿಮ್ಮ ಮೊಮ್ಮಗಳಿಗೆ ಮುಂದಿನ ಹಲ್ಲು ಬಿದ್ದಿದೆ, 'ಅಜ್ಜಿ' ಎನ್ನುವಾಗ ಗಾಳಿ ಹೊರಡುತ್ತದೆ. ಹೆಡ್ಮೇಷ್ಟ್ರು ಬೆಕ್ಕು ನೀವು ಹೊರಟ ದಿನದಿಂದ ನಿಮ್ಮ ಕುರ್ಚಿಯಲ್ಲಿ ಕೂತಿದೆ. ಬಂದವರೆಲ್ಲ ಮೊದಲು ಅದರ ಮುಖ ನೋಡಿ ಆಮೇಲೆ ನನ್ನ ಮುಖ ನೋಡುತ್ತಾರೆ. ಬಿಳಿ ಮೊಲಗಳೆರಡನ್ನೂ ನೀವು ಹೇಳಿದಂತೆ ಜೋಡಿಯಾಗಿಯೇ ಸಾಕಲು ಕೊಟ್ಟೆವು, ಹೂವಿನ ನರ್ಸರಿಯವಳಿಗೆ. ನರ್ಸರಿಗೆ ಮೊಲವೇ ಎಂದು ಬೈಯಬೇಡಿ, ಗೂಡು ಮನೆಯ ಹಿತ್ತಲಿನಲ್ಲಿದೆ, ಗಿಡಗಳಿಂದ ಬಹಳ ದೂರ. ನಾನೇ ಹೋಗಿ ನೋಡಿ ಬಂದೆ.

ಇನ್ನು ನಮ್ಮ ನಾಯಿ ಗಡಿಬಿಡಿಯ ವಿಷಯ. ಅತ್ತೆ, ಕಾಲು ಚಾಚಿ ಕೂತು ಓದಿ, ಎದ್ದು ನಿಲ್ಲಬೇಡಿ.

ನೀವಿದ್ದಾಗಲೇ ಅವನು ಎರಡು ಮನೆಯಿಂದ ವಾಪಸು ಬಂದಿದ್ದ. ಬ್ಯಾಂಕಿನ ಗಂಡಹೆಂಡತಿ ಇವನು ಕಿತ್ತ ಸೋಫಾದ ಒಂದು ಕೈಯನ್ನು ಚೀಲದಲ್ಲಿ ಹಾಕಿಕೊಂಡು ಬಂದು ಸಾಕ್ಷಿ ತೋರಿಸಿದ್ದರಲ್ಲ. ಆಮೇಲೆ ದರ್ಜಿ. ಹಿತ್ತಲಲ್ಲಿ ಕಟ್ಟಿದ ಗಡಿಬಿಡಿ ಊಳಿಟ್ಟ ರಭಸಕ್ಕೆ ಅವನ ಕತ್ತರಿ ಜಾರಿ ಯಾರದೋ ಮದುವೆ ಕೋಟಿಗೆ ಒಂದೇ ತೋಳಾಯಿತು. ನೀವು ಹೋದ ಮೇಲೆ ನಿವೃತ್ತ ಟೀಚರಮ್ಮ ಒಬ್ಬರು ಬಂದು, "ಎಂಥೆಂಥಾ ಮಕ್ಕಳನ್ನ ಸರಿಮಾಡಿದ್ದೀನಿ, ಇದೊಂದು ನಾಯೀನಾ?" ಎಂದು ಕರೆದುಕೊಂಡು ಹೋದರು. ಅವರು ಪೇಟೆಗೆ ಹೋಗಿ ಬರುವಷ್ಟರಲ್ಲಿ ಇವನು ಕಾಂಪೌಂಡು ಹಾರಿ, ಬೀದಿಯಲ್ಲಿ ನಿಂತಿದ್ದ ಬ್ರೆಡ್ಡಿನ ವ್ಯಾನು ಹತ್ತಿ, ಡ್ರೈವರಿನ ಪಕ್ಕ ಕೂತು ಇಡೀ ಬಡಾವಣೆ ಸುತ್ತಿದ್ದ. ಬ್ರೆಡ್ ಮುಟ್ಟಿರಲಿಲ್ಲ. ಟೀಚರಮ್ಮ ಗೇಟಿನಲ್ಲಿ ನನ್ನ ಕೈಗೆ ಹಗ್ಗ ಕೊಟ್ಟು, "ಇವನು ಫೇಲು," ಎಂದಷ್ಟೇ ಹೇಳಿ ಹೋದರು. ಹೋಗುವಾಗ ಕಣ್ಣೊರೆಸಿಕೊಂಡದ್ದನ್ನು ನಾನು ನೋಡದವಳಂತೆ ಇದ್ದೆ.

ಮೂರನೆಯ ಸಲ ವಾಪಸು ಬಂದ ನಾಯಿಯ ಮುಖ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಗೂಡಿನೊಳಗೆ ಹೋದವನು ಗೋಡೆಗೆ ಮುಖ ಹಾಕಿ ಕೂತ. ಅನ್ನ ಇಟ್ಟರೆ ಮೂಸಲಿಲ್ಲ. ಸಂಜೆಯಾದರೆ ಊಳಿಡುವುದು, ಅವನ ರಾಗಕ್ಕೆ ಉಳಿದವರೆಲ್ಲ ದನಿಗೂಡಿಸುವುದು. ಪಕ್ಕದ ಗ್ಯಾರೇಜಿನವನು ಬಂದು, "ಅಕ್ಕಾ, ಇದು ಶೆಡ್ಡಾ, ಸಂಗೀತ ಶಾಲೇನಾ?" ಎಂದು ಕೇಳಿ ಹೋದ. ದನಗಳ ಆಸ್ಪತ್ರೆಯ ಡಾಕ್ಟರಮ್ಮ, ಒಂದು ಸಲ ಪರೀಕ್ಷೆ ಮಾಡೋಣ, ಕರೆದುಕೊಂಡು ಬಾ ಎಂದರು. ನಮ್ಮ ಹಳೆ ವ್ಯಾನಿನಲ್ಲಿ ಕೂರಿಸಿಕೊಂಡು ಹೊರಟೆ. ಅತ್ತೆ, ಎಂಜಿನ್ ಗುರ್ ಎಂದದ್ದೇ ತಡ, ಅವನು ಸೀಟಿನಲ್ಲಿ ನೆಟ್ಟಗೆ ಕೂತು, ಕಿವಿ ನಿಮಿರಿಸಿ, ದಾರಿ ನೋಡತೊಡಗಿದ. ಆಸ್ಪತ್ರೆವರೆಗೂ ಒಂದು ಸದ್ದಿಲ್ಲ. ವಾಪಸು ಬಂದ ಮೇಲೆ ಇಳಿಯಲೊಲ್ಲ. ನಾನು ಎಂಜಿನ್ ಆರಿಸಿ ಇಳಿದು ಬಾಗಿಲು ಹಾಕಿದೆ, ಊಳಿಟ್ಟ. ಹತ್ತಿ ಸ್ಟಾರ್ಟ್ ಮಾಡಿದೆ, ಸುಮ್ಮನಾದ. ಸರಿ, ಇವನಿಗೆ ಬೇಕಾಗಿರುವುದು ಮನೆಯಲ್ಲ, ಓಡುವ ಗಾಡಿ ಎಂದು ನಾನೂ ನಿಮ್ಮ ಮಗನೂ ತೀರ್ಮಾನಿಸಿಬಿಟ್ಟೆವು. ಆ ವಾರವೆಲ್ಲ ಊಟವಾದ ಮೇಲೆ ನಿಮ್ಮ ಮಗ ಲುಂಗಿಯಲ್ಲೇ ಅವನನ್ನು ಕೂರಿಸಿಕೊಂಡು ಬಡಾವಣೆ ಸುತ್ತಿಸಿ ಬರುತ್ತಿದ್ದರು. "ಪೆಟ್ರೋಲ್ ಕುಡಿಯೋ ನಾಯಿ ಇದೊಂದೇ ಕಣೆ" ಎಂದು ಗೊಣಗಿದರೂ ಒಂದು ದಿನ ತಪ್ಪಿಸಲಿಲ್ಲ.

ಅಂಥ ಹೊತ್ತಿನಲ್ಲಿ ಲಾರಿ ಡ್ರೈವರ್ ಬಂದ. ಹೌದು, ಅವನೇ, ಉದ್ದಮೀಸೆ. ಹೋದ ವರ್ಷ ನಾಯಿ ಬೇಕು ಎಂದು ಕೇಳಿಕೊಂಡು ಬಂದಾಗ, "ನಿನ್ನ ಮನೆ ಎಲ್ಲಪ್ಪಾ?" ಎಂದು ನೀವು ಕೇಳಿದಿರಿ, ಅವನು ಬೀದಿಯಲ್ಲಿ ನಿಂತ ಲಾರಿ ತೋರಿಸಿದ, "ಅದು ಲಾರಿ, ಮನೆಯಲ್ಲ" ಎಂದು ನೀವು ಗೇಟು ಹಾಕಿದಿರಿ. ಅವನು ಮುನಿಸಿಕೊಳ್ಳಲಿಲ್ಲ ನೋಡಿ. ಆಮೇಲೂ ಈ ದಾರಿಯಲ್ಲಿ ಬಂದಾಗಲೆಲ್ಲ ಹಾಸಲು ಖಾಲಿ ಗೋಣಿಚೀಲ ಇಳಿಸಿ ಹೋಗುತ್ತಾನೆ. ಅವತ್ತೂ ಅದನ್ನೇ ಇಳಿಸುತ್ತಿದ್ದ. ನಾನು ಗಡಿಬಿಡಿಯನ್ನು ಅಂಗಳಕ್ಕೆ ಬಿಟ್ಟಿದ್ದೆ. ಒಂದೇ ನೆಗೆತಕ್ಕೆ ಲಾರಿ ಹತ್ತಿ ಕ್ಲೀನರಿನ ಸೀಟಿನಲ್ಲಿ ಕೂತ. ಕೂತು, ಯಾಕೆ ಇನ್ನೂ ಹೊರಟಿಲ್ಲ ಎಂಬಂತೆ ಡ್ರೈವರಿನ ಕಡೆ ನೋಡಿದ. ಉದ್ದಮೀಸೆ ಕೆಂಪಗಾದ. "ಇಳಿಸ್ಲಾ ಅಕ್ಕಾ?" ಎಂದ. ಆ ದನಿಯಲ್ಲಿ 'ಬೇಡ ಅನ್ನು' ಎಂಬುದೇ ಇತ್ತು.

ನನಗೆ ನಿಮ್ಮ ಮಾತು ನೆನಪಾಯಿತು, ಮನೆ ನೋಡದೆ ಪ್ರಾಣಿ ಕೊಡಬಾರದು. ಸರಿ, ಇವನ ಮನೆ ನೋಡೋಣ ಎಂದು ಸೆರಗು ಸಿಕ್ಕಿಸಿ ನಾನೂ ಲಾರಿ ಹತ್ತಿದೆ! ಮೇಲೆ ಹತ್ತಲು ಅವನು ಬಕೆಟ್ಟು ಮಗುಚಿ ಹಾಕಬೇಕಾಯಿತು, ಗ್ಯಾರೇಜಿನವರೆಲ್ಲ ನಿಂತು ನೋಡಿದರು. ಪಕ್ಕದ ಊರಿನ ಗೋಡೌನಿಗೆ ಸಿಮೆಂಟು ಇಳಿಸಿ ಬರುವವರೆಗೂ ನೀವು ಕೇಳುವ ಪ್ರಶ್ನೆಗಳನ್ನೆಲ್ಲ ನಿಮ್ಮದೇ ಗಂಟಲಿನಲ್ಲಿ ಕೇಳಿದೆ. ಎಲ್ಲಿ ಮಲಗಿಸುತ್ತೀಯ? ಸೀಟಿನ ಹಿಂದಿನ ಹಾಸಿಗೆ ತೋರಿಸಿದ, ನಮ್ಮ ಮನೆಯ ಹಾಸಿಗೆಗಿಂತ ಶುಭ್ರವಾಗಿತ್ತು. ನೀರು? ಕಾಲಡಿ ಕ್ಯಾನು. ಬಿಸಿಲ ಹೊತ್ತಿನಲ್ಲಿ ಲಾರಿಯಲ್ಲಿ ಬಿಟ್ಟು ಹೋಗ್ತೀಯಾ? "ನಾನೇ ಬೇಯೋ ಜಾಗದಲ್ಲಿ ಅವನನ್ನ ಬಿಡ್ತೀನಾ ಅಕ್ಕಾ?" ನಿನಗೆ ಜ್ವರಗಿರ ಬಂದರೆ? "ನಮ್ಮಕ್ಕನ ಮನೆ ಇದೆ. ಅಲ್ಲಿ ಹೋಗಿ ಬಿದ್ಕೋತೀನಿ, ಇವನೂ ಬಿದ್ಕೋತಾನೆ." ಆ ಅಕ್ಕನ ಮನೆ ದಾರಿಯಲ್ಲೇ ಇತ್ತು, ಅದನ್ನೂ ಬಿಡಲಿಲ್ಲ. ದೊಡ್ಡ ಅಂಗಳ, ಎತ್ತರದ ಗೇಟು. ಆಕೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ಕೊಡಮ್ಮಾ. ಸ್ಟೇರಿಂಗ್ ಜೊತೆ ಮಾತಾಡ್ಕೊಂಡು ಓಡಾಡ್ತಾನೆ ನನ್ನ ತಮ್ಮ" ಎಂದರು.

ಕೊಟ್ಟೆ. ಪೂರ್ತಿ ಅಲ್ಲ, ಪರೀಕ್ಷೆಗೆ ಅಂತ. ಮುಂದಿನ ಶುಕ್ರವಾರ ನಾಯಿಯನ್ನು ತಂದು ತೋರಿಸಲೇಬೇಕು ಎಂದು ಹೇಳಿ ಕಳಿಸಿದೆ. ನಿಮ್ಮ ಮಗ ಕೇಳಿ ತಲೆ ಮೇಲೆ ಕೈ ಇಟ್ಟುಕೊಂಡರು. "ಅಮ್ಮ ಬೇಡ ಅಂದೋನಿಗೆ ಕೊಟ್ಯಾ? ಅಮ್ಮ ಬಂದ್ರೆ ನಿನ್ನನ್ನೇ ಗೂಡಿಗೆ ಹಾಕ್ತಾಳೆ. ನಾನಂತೂ ಬಿಡಿಸೋಕೆ ಬರಲ್ಲ."

ಶುಕ್ರವಾರ ಬೆಳಿಗ್ಗೆಯಿಂದ ಗೇಟಿನ ಕಡೆಯೇ ಕಣ್ಣು. ಲಾರಿ ಬರಲಿಲ್ಲ. ಫೋನು ಹತ್ತಲಿಲ್ಲ. ಶನಿವಾರವೂ ಹಾಗೇ. ಅವನ ಅಕ್ಕನ ಮನೆಗೆ ಹೋದರೆ, ಅವರಿಗೂ ಸುದ್ದಿಯಿಲ್ಲ. ಅತ್ತೆ, ಆ ಎರಡು ದಿನ ನಾನು ಪಟ್ಟ ಸಂಕಟ ಬರೆದರೆ ಕಾಗದ ಸಾಲದು. ಯಾವುದೋ ಊರಿನ ಪೆಟ್ರೋಲ್ ಬಂಕಿನಲ್ಲಿ ಬೇಸತ್ತು ಬಿಟ್ಟು ಹೋಗಿದ್ದಾನೆ, ಇವನು ಹೋಗಿ ಬರುವ ಲಾರಿಗಳನ್ನೆಲ್ಲ ನೋಡುತ್ತಾ ಕೂತಿದ್ದಾನೆ, ಹೀಗೇ ಏನೇನೋ ಕಣ್ಣ ಮುಂದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಪಾಪ ಎಲ್ಲರೂ ನೀರು ಕುಡಿಯುತ್ತಾ ಉಂಡರು. ನಿಮಗಿರುವ ಕಣ್ಣು ನನಗಿಲ್ಲ, ಮನುಷ್ಯರನ್ನು ಅಳೆಯುವುದು ನನ್ನ ಕೈಲಾಗದ ಕೆಲಸ ಎಂದು ಅಳು ಬಂತು. ಗೂಡು ತೊಳೆಯುವ ನೆಪದಲ್ಲಿ ಅತ್ತುಬಿಟ್ಟೆ.

ನಿನ್ನೆ ಭಾನುವಾರ ಮಧ್ಯಾಹ್ನ ಗೇಟು ಸದ್ದಾಯಿತು. ನೋಡಿದರೆ ಉದ್ದಮೀಸೆ, ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಗಡಿಬಿಡಿ. ಇಬ್ಬರ ಮೈಮೇಲೂ ಒಂದೇ ಬಣ್ಣದ ಧೂಳು. ಲಾರಿ ಇಲ್ಲ! ಏರುದಾರಿಯಲ್ಲಿ ಆಕ್ಸೆಲ್ ಮುರಿದು, ಸಿಗ್ನಲ್ಲೂ ಸಿಗದ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದನಂತೆ. ಮೆಕ್ಯಾನಿಕ್ ಬಂದು ಲಾರಿಯನ್ನು ಎಳೆದುಕೊಂಡು ಹೋದದ್ದೇ ತಡ, ಊಟವನ್ನೂ ಮಾಡದೆ ಯಾವುದೋ ತರಕಾರಿ ಗಾಡಿ ಹತ್ತಿ ನಾಯಿ ತೋರಿಸಲು ಬಂದಿದ್ದಾನೆ. "ಶುಕ್ರವಾರ ಅಂದಿದ್ದೆ ಅಕ್ಕಾ, ಭಾನುವಾರ ಆಯ್ತು. ಅಮ್ಮನೋರಿಗೆ ಮಾತ್ರ ಹೇಳ್ಬೇಡಿ, ಮತ್ತೆ ಗೇಟು ಹಾಕ್ಬಿಡ್ತಾರೆ."

ನನಗೆ ನಗು ಅಳು ಒಟ್ಟಿಗೇ. ಸಾವರಿಸಿಕೊಂಡು ಕೇಳಿದೆ, ಲಾರಿ ನಿಂತಾಗ ಇವನು ಊಳಿಟ್ಟು ಬೆಟ್ಟ ಹಾರಿಸಲಿಲ್ಲವಾ ಎಂದು. ಉದ್ದಮೀಸೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾಕೆ ಊಳಿಡ್ತಾನೆ? ಲಾರಿ ನೆರಳಲ್ಲಿ ನಾನು ಮಲಗಿದ್ದೆ, ನನ್ನ ಕಾಲ ಮೇಲೆ ಅವನು ಮಲಗಿದ್ದ. ಆಮೇಲೆ ನಾನು ನೀರು ತರೋಕೆ ಅಂತ ಅವನನ್ನ ಕಟ್ಟಿ ಹೋದೆ ನೋಡಿ, ಆಗ ಮಾತ್ರ ಊರಿಗೇ ಕೇಳೋ ಹಾಗೆ ಕೂಗಿದ."

ಅಲ್ಲಿಗೆ ನಮ್ಮ ಪಾಂಡಿತ್ಯವೆಲ್ಲ ನೆಲಕಚ್ಚಿತು ಅತ್ತೆ. ಗಾಡಿ ಓಡಲಿ ಬಿಡಲಿ, ಅವನಿಗೆ ಪಕ್ಕದಲ್ಲಿ ಯಾರಾದರೂ ಇರಬೇಕು, ಅಷ್ಟೆ. ಬ್ಯಾಂಕಿನವರು ಬೀಗ ಹಾಕಿ ಕೆಲಸಕ್ಕೆ ಹೋಗುತ್ತಿದ್ದರು, ದರ್ಜಿ ಹಿತ್ತಲಲ್ಲಿ ಕಟ್ಟಿದ್ದ, ಟೀಚರಮ್ಮ ಪೇಟೆಗೆ ಹೋಗಿದ್ದರು. ನಾನೂ ನಿಂತ ವ್ಯಾನಿನಲ್ಲಿ ಅವನೊಬ್ಬನನ್ನೇ ಬಿಟ್ಟು ಇಳಿದು ಬಾಗಿಲು ಹಾಕಿದ್ದೆ! ವಾರವಿಡೀ ಸುಟ್ಟ ಪೆಟ್ರೋಲನ್ನು ನೆನೆದು ನಿಮ್ಮ ಮಗ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕುತ್ತಾ ಕೂತರು.

ಇಬ್ಬರಿಗೂ ಊಟ ಹಾಕಿದೆ. ಗಡಿಬಿಡಿಯನ್ನು ಪೂರ್ತಿಯಾಗಿ ಉದ್ದಮೀಸೆಗೇ ಕೊಟ್ಟೆ. ಅವನು ನಮ್ಮ ರಿಜಿಸ್ಟರಿನಲ್ಲಿ ರುಜು ಹಾಕುವಾಗ ಪೆನ್ನು ಮುರಿಯುವಷ್ಟು ಒತ್ತಿ ಹಾಕಿದ. ನಾಯಿ ಗೇಟು ದಾಟುವಾಗ ತಿರುಗಿಯೂ ನೋಡಲಿಲ್ಲ. ಮೊದಲೆಲ್ಲ ಹಾಗೆ ತಿರುಗಿ ನೋಡದೆ ಹೋದರೆ ನನಗೆ ಚುರ್ ಎನ್ನುತ್ತಿತ್ತು. ನಿನ್ನೆ ಎಷ್ಟು ಹಿಗ್ಗಿದೆನೆಂದರೆ, ನಿಮ್ಮ ಕುರ್ಚಿಯಿಂದ ಹೆಡ್ಮೇಷ್ಟ್ರನ್ನು ಎತ್ತಿ ಕೆಳಗಿಟ್ಟು ಸ್ವಲ್ಪ ಹೊತ್ತು ನಾನೇ ಕೂತೆ.

ನೀವು ಗೇಟು ಹಾಕಿದವನಿಗೆ ನಾನು ತೆರೆದೆ. ಬೈಯುವುದಿದ್ದರೆ ಬೈಯಿರಿ, ಆದರೆ ಒಂದು ಸಲ ಆ ಜೋಡಿಯನ್ನು ನೋಡಿ ಆಮೇಲೆ ಬೈಯಿರಿ. ಓರಗಿತ್ತಿಗೆ ನನ್ನ ನೆನಪು ಹೇಳಿ, ಮಕ್ಕಳಿಗೆ ಮುತ್ತು. ಎಣ್ಣೆ ಹಚ್ಚಿಸಿಕೊಳ್ಳಲು ಸಂಕೋಚ ಪಡಬೇಡಿ.

ನಿಮ್ಮ ಆಶೀರ್ವಾದ ಬೇಡುವ,
ಗೂಡಿಗೆ ಹೋಗಲು ಸಿದ್ಧಳಾಗಿರುವ ಸೊಸೆ

ತಾ.ಕ.: ಊಟಕ್ಕೆ ಮನೆಗೆ ಬಂದ ನಿಮ್ಮ ಮಗ ಕಾಗದ ಹಾಕಿ ಬರಲು ಸ್ಕೂಟರ್ ಮೇಲೆ ಕೂತು ಹಾರನ್ ಹೊಡೆಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಮೊನ್ನೆ ಮೈದುನ ಫೋನ್ ಮಾಡಿದ್ದ. "ಅಮ್ಮ ಇನ್ನು ಇಲ್ಲೇ ಇರಲಿ ಅತ್ತಿಗೆ, ಇಲ್ಲಿ ಮೆಟ್ಟಿಲಿಲ್ಲ, ಶೆಡ್ಡು ನೀವೇ ನೋಡ್ಕೋತಿದ್ದೀರಲ್ಲ, ಅಮ್ಮನ ಬಟ್ಟೆಯೆಲ್ಲ ಕಳಿಸಿಬಿಡಿ" ಎಂದ. ಪ್ರೀತಿಗೇ ಹೇಳಿದ, ಅವನ ಮೇಲೆ ಕೋಪವಿಲ್ಲ. ಅಮ್ಮ ಏನಂದರು ಎಂದು ಕೇಳಿದರೆ, "ಅಮ್ಮ ಏನೂ ಅನ್ನಲಿಲ್ಲ" ಎಂದ. ನೀವು ಏನೂ ಅನ್ನಲಿಲ್ಲ ಎಂದರೆ ನನಗೆ ಹೆದರಿಕೆಯಾಗುತ್ತದೆ ಅತ್ತೆ. ಅಲ್ಲಿರುವುದೇ ನಿಮಗೆ ಹಿತವೆನಿಸಿದರೆ ನೀವೇ ನಿಮ್ಮ ಕೈಯಾರೆ ಬರೆಯಿರಿ, ಮುಖ ಊದಿಸಿಕೊಳ್ಳದೆ ಕಳಿಸುತ್ತೇನೆ. ಆದರೆ ನಮಗೆ ಭಾರವಾಗುತ್ತೇನೆ ಎಂದು ಸುಮ್ಮನಿದ್ದರೆ ಮಾತ್ರ ಕೇಳುವುದಿಲ್ಲ. ಬಡಗಿಯನ್ನು ಕರೆಸಿ ಮೆಟ್ಟಿಲ ಪಕ್ಕ ಹಿಡಿದುಕೊಳ್ಳಲು ಮರದ ಹಿಡಿ ಹಾಕಿಸಿದ್ದೇನೆ, ನಿಮ್ಮ ಮಂಚವನ್ನು ಕೆಳಗಿನ ಕಿಟಕಿ ಕೋಣೆಗೆ ಇಳಿಸಿದ್ದೇವೆ. ಶೆಡ್ಡು ನಾನೊಬ್ಬಳೇ ನಡೆಸಬಲ್ಲೆ, ಈಗ ನಿಮಗೂ ಗೊತ್ತಾಯಿತಲ್ಲ. ನೀವು ನನಗೆ ಬೇಕಾಗಿರುವುದು ಕೆಲಸಕ್ಕಲ್ಲ. ಬಟ್ಟೆ ಬೀರುವಿನಲ್ಲೇ ಇದೆ. ಬನ್ನಿ.